ಪೆಟ್ಟಿಗೆಯ ಲೆಕ್ಕ: ಕಾರಿನ ಸಬ್‌ವೂಫರ್‌ಗೆ ಹಣ ಹಾಕುವ ಮುನ್ನ

ಕಾರಿನ ಸಂಗೀತಕ್ಕೆಂದು ಮಾಡುವ ಖರ್ಚಿನಲ್ಲಿ ಎಲ್ಲಕ್ಕಿಂತ ಕಡಿಮೆ ಹಣ ಬೀಳುವುದು ಸಬ್‌ವೂಫರನ್ನು ಕೂರಿಸುವ ಮರದ ಪೆಟ್ಟಿಗೆಗೆ. ಆದರೆ ಉಳಿದ ಹಣವೆಲ್ಲ ಕಿವಿಗೆ ದಕ್ಕುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಅದೇ ಪೆಟ್ಟಿಗೆ. ಸಬ್‌ವೂಫರ್ ಎಂದರೆ ಸುಮಾರು 20ರಿಂದ 80 ಹರ್ಟ್ಸ್‌ವರೆಗಿನ, ಅಂದರೆ ಸೆಕೆಂಡಿಗೆ ಅಷ್ಟು ಬಾರಿ ಕಂಪಿಸುವ, ತಗ್ಗಿನ ನಾದವನ್ನಷ್ಟೇ ನುಡಿಸುವ ದೊಡ್ಡ ಸ್ಪೀಕರು. ಅದರ ಕೋನ್, ಎಂದರೆ ಶಂಕುವಿನಾಕಾರದ ಗಟ್ಟಿ ಹಾಳೆ, ಮುಂದೆ ಸರಿದು ಎದುರಿನ ಗಾಳಿಯನ್ನು ಒತ್ತುವ ಕ್ಷಣದಲ್ಲೇ ಬೆನ್ನಿನ ಗಾಳಿ ತೆಳುವಾಗುವುದರಿಂದ, ಮುಂದಿನ ಅಲೆಯೂ ಹಿಂದಿನ ಅಲೆಯೂ ಕೂಡಿಕೊಂಡರೆ ಒಂದನ್ನೊಂದು ಅಳಿಸಿಹಾಕುತ್ತವೆ. ಪೆಟ್ಟಿಗೆಯಿಲ್ಲದೆ ನೆಲದ ಮೇಲಿಟ್ಟು ನುಡಿಸಿದ ದುಬಾರಿ ವೂಫರ್ ಕೂಡ ಸಪ್ಪೆಯಾಗಿ ಕೇಳುವುದಕ್ಕೆ ಕಾರಣ ಇದೇ.

ಹಿಂದಿನ ಅಲೆಯನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಎರಡು ಹಳೆಯ ಉತ್ತರಗಳಿವೆ. ಮೊದಲನೆಯದು ಸೀಲ್ಡ್ ಬಾಕ್ಸ್, ಅಂದರೆ ಎಲ್ಲಿಯೂ ಗಾಳಿ ಸೋರದಂತೆ ಮುಚ್ಚಿದ ಪೆಟ್ಟಿಗೆ. ಅದರೊಳಗೆ ಸಿಕ್ಕಿಬಿದ್ದ ಗಾಳಿಯೇ ಕೋನ್‌ಗೆ ಸ್ಪ್ರಿಂಗಿನಂತೆ ಒದಗುತ್ತದೆಂಬ ತತ್ತ್ವವನ್ನು ಆಧರಿಸಿ ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಎ.ಆರ್.-1 ಎಂಬ ಸ್ಪೀಕರನ್ನು ಹೊರತಂದರು. ಎರಡನೆಯದು ಪೋರ್ಟೆಡ್ ಬಾಕ್ಸ್, ಅಂದರೆ ಅಳತೆಯಿಟ್ಟು ಕೊರೆದ ಕೊಳವೆಯ ಮೂಲಕ ಹಿಂದಿನ ಅಲೆಯನ್ನು ಹೊರಬಿಡುವ ಪೆಟ್ಟಿಗೆ. ಖಾಲಿ ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿದಾಗ ಒಂದೇ ಸ್ವರ ಹೊಮ್ಮುವಂತೆ ಇಲ್ಲಿಯೂ ಕೊಳವೆಯ ಗಾಳಿ ಒಂದು ನಿರ್ದಿಷ್ಟ ಕಂಪನಕ್ಕೆ ಮಿಡಿದು ವೂಫರ್‌ಗೆ ದನಿ ಸೇರಿಸುತ್ತದೆ, ಮತ್ತು ಇದಕ್ಕೆ ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ 1932ರಲ್ಲೇ ಪೇಟೆಂಟ್ ಪಡೆದಿದ್ದರು. ಕೊಳವೆಯ ಸ್ವರಕ್ಕಿಂತ ಕೆಳಗೆ ಪೋರ್ಟೆಡ್ ಪೆಟ್ಟಿಗೆಯ ದನಿ ಪ್ರತಿ ಸಪ್ತಕಕ್ಕೆ ಸುಮಾರು 24 ಡೆಸಿಬೆಲ್‌ನಂತೆ ಕುಸಿದರೆ, ಸೀಲ್ಡ್ ಪೆಟ್ಟಿಗೆಯ ದನಿ 12 ಡೆಸಿಬೆಲ್‌ನಂತೆ ಮೆಲ್ಲಗೆ ಇಳಿಯುತ್ತದೆ. ಗಾಜು ಏರಿಸಿದ ಸಣ್ಣ ಕಾರಿನ ಒಳಾವರಣ ತಗ್ಗಿನ ನಾದವನ್ನು ತಾನಾಗಿಯೇ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಮೇಲೆತ್ತುವುದರಿಂದ, ಮನೆಯ ಕೋಣೆಯಲ್ಲಿ ಬಡವೆನಿಸುವ ಸೀಲ್ಡ್ ಪೆಟ್ಟಿಗೆ ಕಾರಿನಲ್ಲಿ ತುಂಬಿಕೊಂಡು ಕೇಳುತ್ತದೆ. ಇದು ಕಾರಿನ ಮಾಲೀಕನಿಗೆ ಬಿಡಿಗಾಸಿಲ್ಲದೆ ಸಿಗುವ ಲಾಭ.

ಯಾವ ವೂಫರ್‌ಗೆ ಯಾವ ಪೆಟ್ಟಿಗೆ ಎಂಬುದನ್ನು ಊಹೆಗೆ ಬಿಡಬೇಕಾಗಿಲ್ಲ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಆರಂಭಿಸಿ, ಸಿಡ್ನಿಯಲ್ಲಿ ಸಂಶೋಧನೆ ನಡೆಸಿದ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ವಿಸ್ತರಿಸಿದ ಅಂಕಿಗಳನ್ನು ಒಳ್ಳೆಯ ತಯಾರಕರೆಲ್ಲ ವೂಫರ್‌ನ ಕೈಪಿಡಿಯಲ್ಲಿ ಮುದ್ರಿಸುತ್ತಾರೆ. ಈ ಲೇಖಕ ಕೊಂಡಿದ್ದ 12 ಇಂಚಿನ ವೂಫರ್‌ನ ಕೈಪಿಡಿಯಲ್ಲಿ ಕೋನ್‌ನ ಸಹಜ ಕಂಪನ 28 ಹರ್ಟ್ಸ್, ಅದರ ಗಾಳಿಸಮಾನ ಗಾತ್ರ, ಅಂದರೆ ಕೋನ್‌ನ ಜೋಲಿಯಷ್ಟೇ ಬಿಗಿಯಿರುವ ಗಾಳಿಯ ಪ್ರಮಾಣ, 50 ಲೀಟರ್, ಕಂಪನ ಎಷ್ಟು ಬೇಗ ಅಡಗುತ್ತದೆಂಬುದನ್ನು ಸೂಚಿಸುವ ಒಟ್ಟು ಕ್ಯೂ 0.45 ಮತ್ತು ಅದರ ವಿದ್ಯುತ್ ಭಾಗ 0.50 ಎಂದಿತ್ತು. ಸಹಜ ಕಂಪನವನ್ನು ಈ ವಿದ್ಯುತ್ ಕ್ಯೂನಿಂದ ಭಾಗಿಸಿದಾಗ ಬರುವ ಸಂಖ್ಯೆ 50ರ ಆಸುಪಾಸಿನಲ್ಲಿದ್ದರೆ ಸೀಲ್ಡ್, 100ರ ಸಮೀಪವಿದ್ದರೆ ಪೋರ್ಟೆಡ್ ಎಂಬುದು ಕಸುಬಿನವರ ಒರಟು ನಿಯಮ. ಇಲ್ಲಿ ಬಂದದ್ದು 56. ಪೆಟ್ಟಿಗೆಯೊಳಗೆ ಕೂತ ಮೇಲೆ ಕ್ಯೂ 0.707 ಆದರೆ ನಾದ ಎಲ್ಲಿಯೂ ಉಬ್ಬದೆ ಸಮನಾಗಿರುತ್ತದೆ, ಮತ್ತು ಅದಕ್ಕೆ ಬೇಕಾದ ಗಾತ್ರವನ್ನು ತಿಳಿಯಲು 0.707ನ್ನು 0.45ರಿಂದ ಭಾಗಿಸಿ, ವರ್ಗ ಮಾಡಿ, ಒಂದನ್ನು ಕಳೆದು, ಉಳಿದದ್ದರಿಂದ 50 ಲೀಟರನ್ನು ಭಾಗಿಸಿದರೆ ಸಾಕು: ಉತ್ತರ ಸುಮಾರು 34 ಲೀಟರ್.

ಕೈಪಿಡಿಯ ಪುಟವನ್ನು ತೆರೆಯದೆಯೇ ಖರೀದಿ ಮುಗಿಸಿದ್ದರ ಬೆಲೆ ಈ ಲೇಖಕನ ಖರ್ಚಿನ ಪುಸ್ತಕದಲ್ಲಿ ದಾಖಲಾಗಿದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ 5,500 ರೂಪಾಯಿಗೆ ಕೊಂಡ ಸಿದ್ಧ ಪೋರ್ಟೆಡ್ ಬಾಕ್ಸ್ ಅಂಗಡಿಯ ಬಾಗಿಲಲ್ಲಿ ಎದೆ ನಡುಗಿಸಿತಾದರೂ, ಮನೆಗೆ ಬಂದ ಮೇಲೆ ಡೊಳ್ಳಿನ ಪೆಟ್ಟೂ ಮೃದಂಗದ ಎಡಗೈಯ ಗುಂಕಾರವೂ ಒಂದೇ ಬಗೆಯ ಗುಮ್ಮೆನ್ನುವ ಸದ್ದಾಗಿ ಕೇಳಿದವು. ಕೊರತೆ ಆಂಪ್ಲಿಫೈಯರ್‌ನದೆಂದು ಭಾವಿಸಿ 9,000 ರೂಪಾಯಿ ಕೊಟ್ಟು 250 ವ್ಯಾಟ್‌ನದರ ಬದಲು 500 ವ್ಯಾಟ್‌ನದನ್ನು ಹಾಕಿಸಿದ್ದಾಯಿತು. ವ್ಯಾಟ್ ಇಮ್ಮಡಿಯಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಸದ್ದು ಎರಡು ಪಟ್ಟಾಯಿತೆಂದು ಕಿವಿಗೆ ಅನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಆ ಪೆಟ್ಟಿಗೆಯಿಂದಾಗಿ ಡಿಕ್ಕಿಯಲ್ಲಿ ಜಾಗವಿಲ್ಲದೆ ದಸರಾ ರಜೆಗೆ ಊರಿಗೆ ಹೊರಟಾಗ ಚಾವಣಿಯ ಮೇಲೆ 4,000 ರೂಪಾಯಿಯ ಕ್ಯಾರಿಯರ್ ಏರಿತು. ಕೊನೆಗೆ ಬಡಗಿಯ ಒಂದು ದಿನದ ಕೂಲಿಯೂ ಹಲಗೆಯ ತುಂಡೂ ಸೇರಿ 3,200 ರೂಪಾಯಿಗೆ ತಯಾರಾದ ಸೀಲ್ಡ್ ಪೆಟ್ಟಿಗೆ ಆ ಮೂರೂ ಖರ್ಚುಗಳನ್ನು ಅನಗತ್ಯವೆಂದು ತೋರಿಸಿತು. ಹದಿನೆಂಟೂವರೆ ಸಾವಿರ ರೂಪಾಯಿ ವ್ಯರ್ಥವಾದ ಈ ಲೆಕ್ಕವನ್ನು ಇಲ್ಲಿ ಕೊಟ್ಟಿರುವುದು ಮತ್ತೊಬ್ಬರ ಹಣವಾದರೂ ಉಳಿಯಲೆಂದು.

ಪೋರ್ಟೆಡ್ ಪೆಟ್ಟಿಗೆ ಕೀಳೆಂದು ಇದರ ಅರ್ಥವಲ್ಲ. ಅದಕ್ಕೆ ಹೊಂದುವ ವೂಫರ್ ಇದ್ದು, ಒಳಗಾತ್ರವೇ 50 ಲೀಟರ್ ಅಥವಾ ಅದಕ್ಕೂ ಹೆಚ್ಚಿರುವ ಪೆಟ್ಟಿಗೆಗೆ ಜಾಗ ಕೊಡಲು ಒಪ್ಪಿಗೆಯಿದ್ದರೆ, ಅದೇ ಆಂಪ್ಲಿಫೈಯರ್‌ನಿಂದ ಕೊಳವೆಯ ಸ್ವರದ ಆಸುಪಾಸಿನಲ್ಲಿ 3 ಡೆಸಿಬೆಲ್‌ನಷ್ಟು ಹೆಚ್ಚು ದನಿ ಸಿಗುವುದು ನಿಜವಾದ ಉಳಿತಾಯ. ಆದರೆ ಆ ಸ್ವರಕ್ಕಿಂತ ಕೆಳಗೆ ಕೋನ್‌ಗೆ ಗಾಳಿಯ ಹಿಡಿತ ತಪ್ಪಿ ಅದು ಮಿತಿಮೀರಿ ಚಲಿಸುವುದರಿಂದ ಸಬ್‌ಸಾನಿಕ್ ಫಿಲ್ಟರ್, ಅಂದರೆ ತೀರಾ ತಗ್ಗಿನ ಕಂಪನಗಳನ್ನು ತಡೆಯುವ ಏರ್ಪಾಡು, ಇರುವ ಆಂಪ್ಲಿಫೈಯರನ್ನೇ ಕೊಳ್ಳಬೇಕು. ಎರಡೂ ಬಗೆಯ ಪೆಟ್ಟಿಗೆಗೆ ಜಾಗವಿಲ್ಲದಂತೆ ಸಿ.ಎನ್.ಜಿ. ಸಿಲಿಂಡರ್ ಡಿಕ್ಕಿಯನ್ನು ಆಕ್ರಮಿಸಿಕೊಂಡ ಕಾರಿಗೆ ಸೀಟಿನಡಿಯ ತೆಳು ಸಬ್‌ವೂಫರೇ ಯೋಗ್ಯ.

ಮಾಡಿಸುವಾಗ ಗಮನಿಸಬೇಕಾದದ್ದು ಅಳತೆ ಮತ್ತು ಬಿಗಿ. ಒಳಗೆ 40, 34, 28 ಸೆಂಟಿಮೀಟರ್ ಇರುವ ಪೆಟ್ಟಿಗೆ 38 ಲೀಟರ್ ಹಿಡಿಯುತ್ತದೆ. ವೂಫರ್‌ನ ಬೆನ್ನಿನ ಅಯಸ್ಕಾಂತವೂ ಒಳಗಿನ ಆಧಾರದ ಪಟ್ಟಿಯೂ ನುಂಗುವ ನಾಲ್ಕು ಲೀಟರ್ ಕಳೆದರೆ ಬೇಕಾದ 34 ಉಳಿಯುತ್ತದೆ. 18 ಮಿಲಿಮೀಟರ್ ದಪ್ಪದ ಎಂ.ಡಿ.ಎಫ್., ಅಂದರೆ ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ, ಬಳಸಿದಾಗ ಈ ಪೆಟ್ಟಿಗೆ ಡಿಕ್ಕಿಯಲ್ಲಿ ಆಕ್ರಮಿಸುವ ಜಾಗ ಸುಮಾರು 52 ಲೀಟರ್, ಮತ್ತು ಎಂಟು-ನಾಲ್ಕು ಅಡಿಯ ಇಡೀ ಹಲಗೆಯಲ್ಲಿ ಬೇಕಾಗುವುದು ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆಯಾದ್ದರಿಂದ ತುಂಡು ಹಲಗೆ ಕೇಳಿ ಕೊಳ್ಳುವುದು ಒಳಿತು. ಅಂಟು ಹಚ್ಚಿ, ಸ್ಕ್ರೂ ಬಿಗಿದು, ಒಳಮೂಲೆಗಳಿಗೆ ಸಿಲಿಕೋನ್ ಎಳೆದು, ಅದು ಪೂರ್ತಿ ಒಣಗಿದ ಬಳಿಕ ವೂಫರ್ ಕೂರಿಸಿ, ತಗ್ಗಿನ ನಾದವೊಂದನ್ನು ಮೆಲ್ಲಗೆ ನುಡಿಸುತ್ತ ಪ್ರತಿ ಸಂದಿನ ಪಕ್ಕದಲ್ಲೂ ಹೊತ್ತಿಸಿದ ಊದುಬತ್ತಿಯನ್ನು ಹಿಡಿದರೆ, ಸೋರಿಕೆಯಿರುವ ಕಡೆ ನೆಟ್ಟಗೆ ಏಳುತ್ತಿದ್ದ ಹೊಗೆಯ ಎಳೆ ತಟ್ಟನೆ ನಡುಗುತ್ತದೆ. ಈ ಲೇಖಕನ ಪೆಟ್ಟಿಗೆಯಲ್ಲಿ ಅದು ನಡುಗಿದ್ದು ವೈರು ಒಳಹೋಗುವ ಟರ್ಮಿನಲ್‌ನ ಅಂಚಿನಲ್ಲಿ. ಬೆರಳುಗುರಿನಷ್ಟು ಸಿಲಿಕೋನ್ ಹಚ್ಚಿದ ಮೇಲೆ ಹೊಗೆ ಅಲುಗದೆ ಮೇಲೇರಿತು. ವೂಫರ್ ಸೇರಿ ಹದಿನೈದು ಕಿಲೊ ದಾಟುವ ಈ ಭಾರವನ್ನು ಜೋರಾಗಿ ಬ್ರೇಕ್ ಹಾಕಿದಾಗ ಹಿಂದಿನ ಸೀಟಿನತ್ತ ನುಗ್ಗದಂತೆ ಡಿಕ್ಕಿಯ ತಳಕ್ಕೆ ಕಬ್ಬಿಣದ ಕ್ಲ್ಯಾಂಪಿನಿಂದ ಬಂಧಿಸಿ, ವೂಫರ್ ಮತ್ತು ಆಂಪ್ಲಿಫೈಯರ್‌ನ ಬಿಲ್ಲುಗಳನ್ನು ವಿಮೆಯ ನವೀಕರಣದ ವೇಳೆಗೆ ತೆಗೆದಿಡಬೇಕು, ಏಕೆಂದರೆ ಹೊರಗಿನಿಂದ ಹಾಕಿಸಿದ ವಿದ್ಯುತ್ ಉಪಕರಣಗಳನ್ನು ಪಾಲಿಸಿಯಲ್ಲಿ ಪ್ರತ್ಯೇಕವಾಗಿ ನಮೂದಿಸಿ ಹೆಚ್ಚುವರಿ ಕಂತು ಕಟ್ಟದಿದ್ದರೆ ಕಳವಾದಾಗ ಅವುಗಳಿಗೆ ಪರಿಹಾರ ಸಿಗುವುದಿಲ್ಲ.