ಮಿದುಳಿನ ಗಡ್ಡೆ: ಮನೆಯವರ ಪಾಲಿನ ಆರೈಕೆ

ಮಿದುಳಿನಲ್ಲಿ ಗಡ್ಡೆಯಿದೆಯೆಂದು ವೈದ್ಯರು ತಿಳಿಸಿದ ದಿನದಿಂದಲೇ ಅನೇಕ ಮನೆಗಳಲ್ಲಿ ಎರಡು ಏರ್ಪಾಡುಗಳು ತಾವಾಗಿಯೇ ಆರಂಭವಾಗುತ್ತವೆ. ರೋಗಿಯನ್ನು ಹಾಸಿಗೆಯಿಂದ ಏಳಗೊಡುವುದಿಲ್ಲ. ಊಟಕ್ಕೆ ಕಟ್ಟುನಿಟ್ಟಾದ ಪಥ್ಯ ವಿಧಿಸಲಾಗುತ್ತದೆ. ಎರಡರ ಹಿಂದೆಯೂ ಇರುವುದು ಅಕ್ಕರೆಯೇ. ಆದರೆ ಎರಡರಿಂದಲೂ ಶರೀರ ಕುಗ್ಗುತ್ತದೆ. ಗಡ್ಡೆಯ ಚಿಕಿತ್ಸೆ ತಜ್ಞರ ಹೊಣೆ. ಆ ಚಿಕಿತ್ಸೆಯನ್ನು ತಾಳಿಕೊಳ್ಳುವ ಕಸುವನ್ನು ಉಳಿಸುವುದು ಬಹುಮಟ್ಟಿಗೆ ಮನೆಯವರ ಕೆಲಸ.

ಮಿದುಳಿನ ಗಡ್ಡೆಗಳೆಲ್ಲವೂ ಕ್ಯಾನ್ಸರ್ ಅಲ್ಲ. ಮಿದುಳಿನ ಹೊದಿಕೆಯಲ್ಲಿ ಹುಟ್ಟುವ ಮೆನಿಂಜಿಯೋಮಾ ಬಹುಪಾಲು ಸೌಮ್ಯವಾದದ್ದು. ಗ್ಲಿಯೋಬ್ಲಾಸ್ಟೋಮಾ ಉಗ್ರಸ್ವರೂಪದ್ದು, ಅದಕ್ಕೆ ಶಸ್ತ್ರಚಿಕಿತ್ಸೆಯ ತರುವಾಯ ಸಾಮಾನ್ಯವಾಗಿ 6 ವಾರಗಳ ವಿಕಿರಣ, ಅದರೊಡನೆ ಟೆಮೊಜೊಲೊಮೈಡ್ ಗುಳಿಗೆ. 2005ರಲ್ಲಿ ಪ್ರಕಟವಾದ ಅಧ್ಯಯನದ ಬಳಿಕ ಈ ಕ್ರಮ ರೂಢಿಗೆ ಬಂದಿತು.

ಗಡ್ಡೆಯ ಸುತ್ತಲಿನ ಬಾವನ್ನು ಇಳಿಸಲು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುವುದುಂಟು. ತಲೆನೋವು ಕೆಲವೇ ದಿನಗಳಲ್ಲಿ ತಗ್ಗಬಹುದು. ಆದರೆ ವಾರಗಟ್ಟಲೆ ಸೇವಿಸಿದಾಗ ಹಸಿವು ಮಿತಿಮೀರಬಹುದು, ನಿದ್ರೆ ಕೆಡಬಹುದು, ರಕ್ತದಲ್ಲಿ ಸಕ್ಕರೆಯ ಅಂಶ ಏರಬಹುದು. ಎಲ್ಲಕ್ಕಿಂತ ಮುಖ್ಯವಾಗಿ ತೊಡೆಯ ಸ್ನಾಯುಗಳು ಸೊರಗುತ್ತವೆ. ಕುರ್ಚಿಯಿಂದ ಏಳಲು ತಡವರಿಸುವ ರೋಗಿಯನ್ನು ಕಂಡು ಗಡ್ಡೆಯೇ ಬೆಳೆಯಿತೆಂದು ಮನೆಯವರು ಕಂಗೆಡುತ್ತಾರೆ. ಎಷ್ಟೋ ಸಲ ಕಾರಣ ಈ ಔಷಧವೇ. ಯಾವುದೆಂಬುದನ್ನು ವೈದ್ಯರು ನಿರ್ಣಯಿಸಬೇಕು. ಮುಖ ಊದಿಕೊಂಡಿತೆಂದು ಮಾತ್ರೆಯನ್ನು ತಾವೇ ಥಟ್ಟನೆ ನಿಲ್ಲಿಸುವುದು ಪ್ರಾಣಾಪಾಯಕ್ಕೆ ಎಡೆಗೊಡುತ್ತದೆ. ಪ್ರಮಾಣವನ್ನು ವೈದ್ಯರ ಆದೇಶದಂತೆ ಹಂತಹಂತವಾಗಿ ಇಳಿಸತಕ್ಕದ್ದು.

ಸೊರಗುವ ಸ್ನಾಯುಗಳಿಗೆ ಹಾಸಿಗೆ ಶತ್ರು. ವೈದ್ಯರ ಒಪ್ಪಿಗೆ ಪಡೆದು, ಗೋಡೆಗೆ ತಾಗಿಸಿದ ಗಟ್ಟಿ ಕುರ್ಚಿಯಿಂದ ನಾಲ್ಕೈದು ಸಾರಿ ಎದ್ದು ಕೂರುವುದು, ಮನೆಯ ಪಡಸಾಲೆಯಲ್ಲಿಯೋ ಕಟ್ಟಡದ ಅಂಗಳದಲ್ಲಿಯೋ ದಿನಕ್ಕೆ ಎರಡು ಬಾರಿ ಹತ್ತು ನಿಮಿಷ ನಡೆಯುವುದು ಆರಂಭಕ್ಕೆ ಸಾಕು. ವಿಕಿರಣದ ದಿನಗಳ ದಣಿವು ಮಲಗಿದಷ್ಟೂ ಹೆಚ್ಚುವಂಥದು. ಅಲ್ಪ ನಡಿಗೆಯಿಂದ ತಗ್ಗುವುದುಂಟು. ಒಂದು ಪಕ್ಕ ಬಲಹೀನವಾಗಿದ್ದರೆ ಆ ಪಕ್ಕದಲ್ಲಿಯೇ ಒಬ್ಬರು ಆಸರೆಯಾಗಿರಬೇಕು. ಮೂರ್ಛೆ ಬರುತ್ತಿರುವವರು ವಾಹನ ನಡೆಸಬಾರದು, ಸ್ನಾನದ ಮನೆಗೆ ಒಳಗಿನಿಂದ ಚಿಲಕ ಹಾಕಬಾರದು. ಮೂರ್ಛೆ ಬಂದಾಗ ಕೈಗೆ ಬೀಗದಕೈ ಕೊಡುವುದು ವ್ಯರ್ಥ. ಹಲ್ಲುಗಳ ನಡುವೆ ಚಮಚ ತುರುಕುವುದು ಅಪಾಯ. ಪಕ್ಕಕ್ಕೆ ಹೊರಳಿಸಿ ಮಲಗಿಸಿ ಗಡಿಯಾರ ನೋಡಬೇಕು. 5 ನಿಮಿಷ ಮೀರಿದರೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಸಕ್ಕರೆಯನ್ನು ಬಿಟ್ಟರೆ ಗಡ್ಡೆ ಹಸಿದು ಸಾಯುತ್ತದೆಂಬ ಮಾತು ಈಗ ಮನೆಮನೆಯಲ್ಲಿ ಕೇಳಿಬರುತ್ತದೆ. ಅನ್ನ ರೊಟ್ಟಿಗಳನ್ನು ಬಿಟ್ಟು ಕೊಬ್ಬನ್ನೇ ಪ್ರಧಾನವಾಗಿಸಿಕೊಂಡ ಕೀಟೋ ಆಹಾರ ಮಕ್ಕಳ ಕೆಲವು ಬಗೆಯ ಅಪಸ್ಮಾರದಲ್ಲಿ ಪ್ರಯೋಜನಕಾರಿ. ಗಡ್ಡೆಯ ರೋಗಿಗಳ ಆಯುಸ್ಸನ್ನು ಹೆಚ್ಚಿಸುತ್ತದೆಂಬುದು ಸಿದ್ಧಪಟ್ಟಿಲ್ಲ. ಸ್ಟೀರಾಯ್ಡಿನಿಂದ ಸಕ್ಕರೆ ಏರಿದವರು ಸಿಹಿಯನ್ನು ಮಿತಿಯಲ್ಲಿಡಬೇಕೆಂಬುದು ಬೇರೆ ಮಾತು. ಬೇಳೆ, ಮೊಸರು, ರೂಢಿಯಿದ್ದವರಿಗೆ ಮೊಟ್ಟೆ, ಮೀನು ದಿನವೂ ಇರಲಿ. ಒಗ್ಗರಣೆಯ ಘಾಟಿಗೆ ಓಕರಿಸುವವರಿಗೆ ತಣ್ಣಗಿನ ಮೊಸರನ್ನ ಒಗ್ಗೀತು. ನೀರು ಕುಡಿಯುವಾಗ ಕೆಮ್ಮು ಬರುತ್ತಿದ್ದರೆ ನುಂಗುವ ಶಕ್ತಿ ಕುಂದಿದೆಯೆಂದು ಶಂಕಿಸಿ ಒಡನೆಯೇ ವೈದ್ಯರಿಗೆ ತಿಳಿಸಬೇಕು.

ಹೊರನಾಡಿನ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಬಹುಮಂದಿಯಲ್ಲಿ ಮಾತಿನ ಕೇಂದ್ರಗಳಿರುವುದು ಮಿದುಳಿನ ಎಡಭಾಗದಲ್ಲಿ. ಅಲ್ಲಿ ಗಡ್ಡೆಯಾದಾಗ ಬಲ್ಲ ಭಾಷೆಗಳೆಲ್ಲವೂ ಒಂದೇ ಪ್ರಮಾಣದಲ್ಲಿ ಕುಂದಬೇಕೆಂದಿಲ್ಲ. ಮುಂಬಯಿಯ ಕಚೇರಿಯಲ್ಲಿ ಮೂವತ್ತು ವರ್ಷ ಹಿಂದಿ, ಮರಾಠಿಗಳಲ್ಲಿ ವ್ಯವಹರಿಸಿದವರು ವಾರ್ಡಿನಲ್ಲಿ ಕನ್ನಡದಲ್ಲಿ ಮಾತ್ರ ಉತ್ತರಿಸಬಹುದು. ಕೆಲವರಲ್ಲಿ ಇದಕ್ಕೆ ವಿರುದ್ಧವೂ ಆದೀತು. ದಾದಿಗೆ ಅರ್ಥವಾಗದ ಮಾತು ಬುದ್ಧಿಭ್ರಮಣೆಯ ಲಕ್ಷಣವೆಂದು ದಾಖಲಾಗಿಬಿಡುವ ಸಂಭವವಿದೆ. ಆದಕಾರಣ ನೀರು, ನೋವು, ಮೂತ್ರ, ಚಳಿ ಮುಂತಾದ ಶಬ್ದಗಳನ್ನು ಚಿತ್ರಸಹಿತ ಎರಡು ಭಾಷೆಗಳಲ್ಲಿ ರಟ್ಟಿನ ಮೇಲೆ ಬರೆದು ಹಾಸಿಗೆಯ ಬಳಿ ಇಡುವುದು ಒಳಿತು. ಮಾತಿನ ಪರೀಕ್ಷೆಯ ಹೊತ್ತಿಗೆ ಕನ್ನಡ ಬಲ್ಲವರೊಬ್ಬರು ಜೊತೆಗಿರಬೇಕು. ಸಂಘದ ಕಾರ್ಯಕರ್ತರು ಸರದಿಯ ಮೇಲೆ ಈ ಕೆಲಸವನ್ನು ವಹಿಸಿಕೊಳ್ಳಬಹುದು. ಮುಂಭಾಗದ ಗಡ್ಡೆಯಿಂದ ಸ್ವಭಾವವೇ ಮಾರ್ಪಡುವುದುಂಟು. ಎಂದೂ ಗದರದಿದ್ದ ತಂದೆ ಹರಿಹಾಯ್ದರೆ ಅದು ರೋಗದ ಮಾತೇ ಹೊರತು ಅವರದಲ್ಲ.

ಕಾಗದಪತ್ರಗಳ ವಿಷಯವನ್ನು ಎತ್ತಲು ಜನ ನಾಚುತ್ತಾರೆ. ಆದರೆ ಸಹಿ ಮಾಡುವ ಕೈಯೂ ತಿಳಿವೂ ಸರಿಯಿರುವಾಗಲೇ ಉಳಿತಾಯ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ನಡೆಸಬಹುದಾದ ಜಂಟಿ ಖಾತೆಯಾಗಿಸಿ, ನಾಮನಿರ್ದೇಶನವನ್ನು ಪೂರೈಸುವುದು ವಿಹಿತ. ತಿಳಿವು ತಪ್ಪಿದ ಮೇಲೆ ಮುಖ್ತ್ಯಾರು ಪತ್ರವೂ ಊರ್ಜಿತವಲ್ಲ.

ಉಪಶಾಮಕ ಆರೈಕೆಯೆಂದರೆ ಕಡೆಯ ದಿನಗಳದ್ದು ಮಾತ್ರವೆಂಬ ಭಾವನೆ ಸರಿಯಲ್ಲ. ನೋವು, ವಾಂತಿ, ನಿದ್ರಾಹೀನತೆಗಳ ಶಮನಕ್ಕಾಗಿ ಚಿಕಿತ್ಸೆಯ ಜೊತೆಯಲ್ಲಿಯೇ ಅದನ್ನು ಪಡೆಯಬಹುದು. 1941ರಲ್ಲಿ ಸ್ಥಾಪಿತವಾದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಇದಕ್ಕಾಗಿ ಪ್ರತ್ಯೇಕ ವಿಭಾಗವಿದೆ. ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳಿಗೆ ಬಾಂದ್ರಾದಲ್ಲಿ 1986ರಲ್ಲಿ ಆರಂಭವಾದ ಶಾಂತಿ ಅವೇದನಾ ಸದನವೂ, ಬೆಂಗಳೂರಿನ ಕರುಣಾಶ್ರಯವೂ ಉಚಿತ ಆಶ್ರಯ ನೀಡುತ್ತವೆ. ಚಿಕಿತ್ಸೆಯ ನಡುವೆ ಊರಿಗೆ ಮರಳಲು ರೋಗಿ ಬಯಸಿದರೆ ಪ್ರಯಾಣಕ್ಕೆ ವೈದ್ಯರ ಅನುಮತಿ, ಸ್ಕ್ಯಾನಿನ ಪ್ರತಿ, ಔಷಧಗಳ ಪಟ್ಟಿ ಹಾಗೂ ಪ್ರಯಾಣದ ದಿನಗಳಿಗಿಂತ ಒಂದು ವಾರ ಹೆಚ್ಚಿಗೆ ಸಾಲುವಷ್ಟು ಮಾತ್ರೆಗಳನ್ನು ಕೈಚೀಲದಲ್ಲಿಯೇ ಇರಿಸಿಕೊಂಡು ಹೊರಡತಕ್ಕದ್ದು.