ಕೆನಡಾದಲ್ಲಿ ಇ.ಟಿ.ಎಫ್. ಆಯ್ಕೆ: ಅಸಲಿನ ಲೆಕ್ಕವೇ ಮೊದಲ ಪಾಠ

ಸರಕಿನ ಬಿಲ್ಲಿನಲ್ಲಿರುವ ಬೆಲೆ ಬೇರೆ, ಅದು ಅಂಗಡಿಗೆ ಬಂದು ಬೀಳುವ ಅಸಲು ಬೇರೆ ಎಂಬುದನ್ನು ವ್ಯಾಪಾರಸ್ಥರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಲಾರಿ ಬಾಡಿಗೆ, ಹಮಾಲಿ, ದಲ್ಲಾಳಿ, ತೆರಿಗೆ, ತೂಕದಲ್ಲಾಗುವ ನಷ್ಟ ಇವೆಲ್ಲವನ್ನೂ ಕೂಡಿಸಿದ ಮೇಲೆಯೇ ನಿಜವಾದ ಅಸಲು ತಿಳಿಯುತ್ತದೆ. ಆದರೆ ಇದೇ ವಿವೇಕವನ್ನು ಉಳಿತಾಯದ ಹಣಕ್ಕೆ ಅನ್ವಯಿಸುವವರು ವಿರಳ. ಕರ್ನಾಟಕದ ಅನೇಕ ಕುಟುಂಬಗಳ ಮಕ್ಕಳು ಇಂದು ಟೊರಾಂಟೊ, ಮಿಸಿಸಾಗಾ, ಕ್ಯಾಲ್ಗರಿ, ವ್ಯಾಂಕೂವರ್ ಮುಂತಾದ ನಗರಗಳಲ್ಲಿ ನೆಲೆಸಿ ದುಡಿಯುತ್ತಿದ್ದಾರೆ. ಅವರ ಮುಂದಿರುವ ಹೂಡಿಕೆಯ ಸಾಧನಗಳಲ್ಲಿ ಇ.ಟಿ.ಎಫ್. ಪ್ರಮುಖವಾದುದು. ಅದನ್ನು ಆರಿಸುವ ಕ್ರಮವನ್ನು ಅಸಲಿನ ಲೆಕ್ಕದ ದೃಷ್ಟಿಯಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಹಿನ್ನೆಲೆ

ಇ.ಟಿ.ಎಫ್. ಎಂದರೆ ಷೇರು ವಿನಿಮಯ ಕೇಂದ್ರದಲ್ಲಿ ಷೇರಿನಂತೆಯೇ ವಹಿವಾಟಾಗುವ ನಿಧಿ. ನೂರಾರು ಕಂಪನಿಗಳ ಷೇರುಗಳನ್ನೋ ಸಾಲಪತ್ರಗಳನ್ನೋ ಒಂದು ಗಂಟಾಗಿ ಕಟ್ಟಿ, ಆ ಗಂಟಿನ ಸಣ್ಣ ಪಾಲುಗಳನ್ನು ಮಾರಾಟಕ್ಕಿಡುವ ವ್ಯವಸ್ಥೆ ಇದು. ಬಹುತೇಕ ಇ.ಟಿ.ಎಫ್.ಗಳು ಯಾವುದಾದರೊಂದು ಸೂಚ್ಯಂಕವನ್ನು ಅನುಸರಿಸುತ್ತವೆ. ಭಾರತದಲ್ಲಿ 2001-02ರಲ್ಲಿ ಬಂದ ನಿಫ್ಟಿ ಬೀಸ್ ಇದೇ ಜಾತಿಯದು.

ಈ ಸಾಧನದ ತವರು ಅಮೆರಿಕವೆಂದು ಹಲವರು ಭಾವಿಸಿದ್ದಾರೆ. ವಾಸ್ತವದಲ್ಲಿ ಅಮೆರಿಕದ ಪ್ರಸಿದ್ಧ ಎಸ್.ಪಿ.ಡಿ.ಆರ್. ನಿಧಿ ಆರಂಭವಾದದ್ದು 1993ರಲ್ಲಿ. ಅದಕ್ಕೂ ಮೂರು ವರ್ಷ ಮೊದಲೇ, 1990ರಲ್ಲಿ, ಟೊರಾಂಟೊ ಷೇರು ವಿನಿಮಯ ಕೇಂದ್ರದಲ್ಲಿ ‘ಟಿಪ್ಸ್ 35’ ಎಂಬ ನಿಧಿ ವಹಿವಾಟಿಗೆ ಬಂದಿತ್ತು. ಇಂದು ಆ ಕೇಂದ್ರದಲ್ಲಿ ನೂರಾರು ಇ.ಟಿ.ಎಫ್.ಗಳಿವೆ. ಆಯ್ಕೆ ಕಷ್ಟವಾಗಿರುವುದು ಸರಕಿನ ಕೊರತೆಯಿಂದಲ್ಲ, ಸರಕಿನ ಸಮೃದ್ಧಿಯಿಂದ.

ಮೊದಲನೆಯ ಪರೀಕ್ಷೆ: ಗಂಟಿನೊಳಗೆ ಏನಿದೆ?

ನಿಧಿಯ ಹೆಸರನ್ನಲ್ಲ, ಅದು ಅನುಸರಿಸುವ ಸೂಚ್ಯಂಕವನ್ನು ಮೊದಲು ನೋಡಬೇಕು. ಕೆನಡಾದ ಷೇರುಪೇಟೆಯಲ್ಲಿ ಬ್ಯಾಂಕು ಮತ್ತು ವಿಮಾ ಕಂಪನಿಗಳ ಪಾಲು ಸುಮಾರು ಮೂರನೆಯ ಒಂದು ಭಾಗ. ತೈಲ, ಅನಿಲ ಹಾಗೂ ಗಣಿ ಕಂಪನಿಗಳದು ಮತ್ತೊಂದು ದೊಡ್ಡ ಭಾಗ. ಆರೋಗ್ಯ ಕ್ಷೇತ್ರದ ಕಂಪನಿಗಳು ನಗಣ್ಯ. ಜಗತ್ತಿನ ಒಟ್ಟು ಷೇರು ಮೌಲ್ಯದಲ್ಲಿ ಕೆನಡಾದ ಪಾಲು ಶೇ. 3ರ ಆಸುಪಾಸಿನಲ್ಲಿದೆ. ಕೆನಡಾದಲ್ಲಿ ಉದ್ಯೋಗ, ಕೆನಡಾದಲ್ಲಿ ಮನೆ ಇರುವವನು ಉಳಿತಾಯವನ್ನೂ ಅಲ್ಲಿಯ ಷೇರುಗಳಲ್ಲೇ ಇಟ್ಟರೆ ಎಲ್ಲ ಮೊಟ್ಟೆಗಳೂ ಒಂದೇ ಬುಟ್ಟಿಯಲ್ಲಿದ್ದಂತೆ.

ಸೂಚ್ಯಂಕದ ಕಟ್ಟೋಣ ಎಷ್ಟು ಮುಖ್ಯವೆಂಬುದಕ್ಕೆ ನಾರ್ಟೆಲ್ ಕಂಪನಿಯ ಪ್ರಕರಣವೇ ಸಾಕ್ಷಿ. 2000ನೇ ಇಸವಿಯ ಮಧ್ಯಭಾಗದಲ್ಲಿ ಟೊರಾಂಟೊದ 300 ಕಂಪನಿಗಳ ಸೂಚ್ಯಂಕದಲ್ಲಿ ಈ ಒಂದೇ ಕಂಪನಿಯ ತೂಕ ಮೂರನೆಯ ಒಂದು ಭಾಗವನ್ನು ಮೀರಿತ್ತು. ಆಗ 120 ಡಾಲರ್ ದಾಟಿದ್ದ ಅದರ ಷೇರು 2002ರಲ್ಲಿ ಒಂದು ಡಾಲರಿಗಿಂತ ಕೆಳಗಿಳಿಯಿತು. 2009ರ ಜನವರಿಯಲ್ಲಿ ಕಂಪನಿ ದಿವಾಳಿ ರಕ್ಷಣೆ ಕೋರಿತು. ಮುನ್ನೂರು ಕಂಪನಿಗಳಲ್ಲಿ ಹಣ ಹಂಚಿದೆ ಎಂದು ನಂಬಿದ್ದವರ ಮೂರನೆಯ ಒಂದು ಪಾಲು ವಸ್ತುತಃ ಒಂದೇ ಕಂಪನಿಯನ್ನು ಅವಲಂಬಿಸಿತ್ತು. ಈ ಕಾರಣದಿಂದಲೇ, ಒಂದು ಕಂಪನಿಯ ತೂಕವನ್ನು ಶೇ. 10ಕ್ಕೆ ಮಿತಿಗೊಳಿಸುವ ‘ಕ್ಯಾಪ್ಡ್’ ಸೂಚ್ಯಂಕಗಳು ಮಹತ್ವ ಪಡೆದವು. ಎಕ್ಸ್.ಐ.ಸಿ. ಮತ್ತು ಝಡ್.ಸಿ.ಎನ್. ಎಂಬ ಇ.ಟಿ.ಎಫ್.ಗಳು ಇಂತಹ ಸೂಚ್ಯಂಕವನ್ನು ಅನುಸರಿಸುತ್ತವೆ.

ಎರಡನೆಯ ಪರೀಕ್ಷೆ: ಕಣ್ಣಿಗೆ ಕಾಣುವ ವೆಚ್ಚ

ನಿಧಿಯ ನಿರ್ವಹಣೆಗಾಗಿ ಪ್ರತಿವರ್ಷ ಕಡಿತವಾಗುವ ವೆಚ್ಚದ ಪ್ರಮಾಣಕ್ಕೆ ಎಂ.ಇ.ಆರ್. ಎಂದು ಹೆಸರು. ಇದಕ್ಕೆ ಪ್ರತ್ಯೇಕ ಬಿಲ್ಲು ಬರುವುದಿಲ್ಲ. ನಿಧಿಯ ಮೌಲ್ಯದಿಂದಲೇ ದಿನದಿನವೂ ಸದ್ದಿಲ್ಲದೆ ಇಳಿಯುತ್ತ ಹೋಗುತ್ತದೆ. ಕೆನಡಾದಲ್ಲಿ ಸಲಹೆಗಾರರ ಮೂಲಕ ಮಾರಾಟವಾಗುವ ಅನೇಕ ಮ್ಯೂಚುವಲ್ ಫಂಡುಗಳ ವೆಚ್ಚ ಶೇ. 2ರ ಸಮೀಪದಲ್ಲಿದೆ. ವಿಶಾಲ ಸೂಚ್ಯಂಕದ ಇ.ಟಿ.ಎಫ್.ಗಳದು ಶೇ. 0.05ರಿಂದ 0.25ರೊಳಗೆ.

ಈ ಅಂತರ ಅಲ್ಪವೆಂದು ತೋರಬಹುದು. ಒಂದು ಲಕ್ಷ ಡಾಲರ್ ಮೊತ್ತ ವೆಚ್ಚಕ್ಕೆ ಮೊದಲು ವರ್ಷಕ್ಕೆ ಶೇ. 6ರಂತೆ 25 ವರ್ಷ ಬೆಳೆಯುತ್ತದೆ ಎಂದು ಊಹಿಸಿದರೆ, ಶೇ. 0.2 ವೆಚ್ಚದ ನಿಧಿಯಲ್ಲಿ ಅದು ಸುಮಾರು 4.09 ಲಕ್ಷವಾಗುತ್ತದೆ, ಶೇ. 2 ವೆಚ್ಚದ ನಿಧಿಯಲ್ಲಿ ಸುಮಾರು 2.67 ಲಕ್ಷ ಮಾತ್ರ. ವ್ಯತ್ಯಾಸ 1 ಲಕ್ಷ 42 ಸಾವಿರ ಡಾಲರಿಗೂ ಹೆಚ್ಚು, ಅಂದರೆ ಹೂಡಿದ ಅಸಲಿಗಿಂತ ಅಧಿಕ.

ಇ.ಟಿ.ಎಫ್.ಗಳ ನಡುವೆಯೂ ವ್ಯತ್ಯಾಸವಿದೆ. 60 ದೊಡ್ಡ ಕಂಪನಿಗಳನ್ನು ಅನುಸರಿಸುವ, ಅತ್ಯಂತ ಹಳೆಯ ನಿಧಿಗಳಲ್ಲೊಂದಾದ ಎಕ್ಸ್.ಐ.ಯು.ವಿನ ವೆಚ್ಚ ಸುಮಾರು ಶೇ. 0.18. ಇನ್ನೂ ಹೆಚ್ಚು ಕಂಪನಿಗಳನ್ನೊಳಗೊಂಡ ಎಕ್ಸ್.ಐ.ಸಿ.ಯದು ಸುಮಾರು ಶೇ. 0.06. ಇವೆರಡನ್ನೂ ನಡೆಸುವುದು ಒಂದೇ ಸಂಸ್ಥೆ. ಹೆಸರುವಾಸಿಯಾದ ಸರಕೇ ಅಗ್ಗದ ಸರಕಾಗಿರಬೇಕೆಂಬ ನಿಯಮವಿಲ್ಲ.

ಮೂರನೆಯ ಪರೀಕ್ಷೆ: ಯಾವ ಖಾತೆಯಲ್ಲಿ?

ಕೆನಡಾದ ಹೂಡಿಕೆದಾರ ಹೆಚ್ಚಾಗಿ ಎಡವುವುದು ಈ ಹಂತದಲ್ಲಿ. ಅಲ್ಲಿ ಹೂಡಿಕೆಯ ಖಾತೆಗಳು ಮುಖ್ಯವಾಗಿ ಮೂರು ಬಗೆ. ಮೊದಲನೆಯದು 1957ರಿಂದ ಇರುವ ಆರ್.ಆರ್.ಎಸ್.ಪಿ. ಎಂಬ ನಿವೃತ್ತಿ ಉಳಿತಾಯ ಖಾತೆ. ಹಿಂದಿನ ವರ್ಷದ ದುಡಿಮೆಯ ಆದಾಯದ ಶೇ. 18ರವರೆಗೆ, ಸರಕಾರ ನಿಗದಿಪಡಿಸಿದ ಗರಿಷ್ಠ ಮಿತಿಗೆ ಒಳಪಟ್ಟು, ಇದರಲ್ಲಿ ತುಂಬಿದ ಹಣಕ್ಕೆ ಆ ವರ್ಷ ತೆರಿಗೆ ವಿನಾಯಿತಿ ಉಂಟು. ಹಿಂತೆಗೆದಾಗ ತೆರಿಗೆ ಕಟ್ಟಬೇಕು. ಎರಡನೆಯದು 2009ರಲ್ಲಿ ಜಾರಿಗೆ ಬಂದ ಟಿ.ಎಫ್.ಎಸ್.ಎ. ಇದಕ್ಕೆ ಹಾಕುವ ಹಣಕ್ಕೆ ವಿನಾಯಿತಿಯಿಲ್ಲ, ಆದರೆ ಗಳಿಕೆಗೂ ಹಿಂತೆಗೆತಕ್ಕೂ ಕೆನಡಾದಲ್ಲಿ ತೆರಿಗೆಯಿಲ್ಲ. 2024, 2025 ಮತ್ತು 2026ರಲ್ಲಿ ಇದರ ವಾರ್ಷಿಕ ಮಿತಿ 7,000 ಡಾಲರ್. ಹೊಸದಾಗಿ ಹೋದವರಿಗೆ ಈ ಮಿತಿ ಕೂಡಿಕೊಳ್ಳುವುದು ಅವರು ಕೆನಡಾದ ನಿವಾಸಿಗಳಾದ ವರ್ಷದಿಂದ ಮಾತ್ರ. ಮೂರನೆಯದು ಯಾವ ರಿಯಾಯಿತಿಯೂ ಇಲ್ಲದ ಸಾಮಾನ್ಯ ಖಾತೆ.

ಅಮೆರಿಕದ ಕಂಪನಿಗಳು ಕೆನಡಾದವರಿಗೆ ನೀಡುವ ಲಾಭಾಂಶದಿಂದ ಅಮೆರಿಕ ಸರಕಾರ ಶೇ. 15ರಷ್ಟನ್ನು ಮೂಲದಲ್ಲೇ ಕಡಿತ ಮಾಡುತ್ತದೆ. ಸಾಮಾನ್ಯ ಖಾತೆಯಲ್ಲಿ ಈ ಕಡಿತವನ್ನು ಕೆನಡಾದ ತೆರಿಗೆಗೆ ಜಮಾ ಹಾಕಿಕೊಳ್ಳಬಹುದು. ಟಿ.ಎಫ್.ಎಸ್.ಎ.ಯಲ್ಲಿ ಜಮಾ ಹಾಕಿಕೊಳ್ಳಲು ತೆರಿಗೆಯೇ ಇಲ್ಲವಾದ್ದರಿಂದ ಅದು ಪೂರ್ಣ ನಷ್ಟ. ಆರ್.ಆರ್.ಎಸ್.ಪಿ.ಗೆ ಎರಡು ದೇಶಗಳ ಒಪ್ಪಂದದಂತೆ ಈ ಕಡಿತದಿಂದ ಮುಕ್ತಿಯಿದೆ. ಆದರೆ ನಿಧಿಯು ಅಮೆರಿಕದ ವಿನಿಮಯ ಕೇಂದ್ರದಲ್ಲೇ ನೋಂದಾಯಿತವಾಗಿದ್ದರೆ ಮಾತ್ರ ಆ ಮುಕ್ತಿ ಸಲ್ಲುತ್ತದೆ. ಟೊರಾಂಟೊದಲ್ಲಿ ನೋಂದಾಯಿತ ನಿಧಿಯ ಮೂಲಕ ಅಮೆರಿಕದ ಷೇರು ಕೊಂಡರೆ ಕಡಿತ ತಪ್ಪುವುದಿಲ್ಲ.

ಒಂದು ಲಕ್ಷ ಡಾಲರಿನ ಲೆಕ್ಕವನ್ನು ಹೀಗೆ ಬಿಡಿಸಬಹುದು. ಅಮೆರಿಕದ 500 ಕಂಪನಿಗಳ ಸೂಚ್ಯಂಕವನ್ನು ಅನುಸರಿಸುವ, ಟೊರಾಂಟೊದಲ್ಲಿ ನೋಂದಾಯಿತವಾದ ನಿಧಿಯ ವೆಚ್ಚ ಶೇ. 0.09 ಎಂದರೆ ವರ್ಷಕ್ಕೆ 90 ಡಾಲರ್. ಲಾಭಾಂಶ ಶೇ. 1.5 ಎಂದು ಹಿಡಿದರೆ 1,500 ಡಾಲರ್. ಅದರ ಮೇಲಿನ ಕಡಿತ 225 ಡಾಲರ್. ಟಿ.ಎಫ್.ಎಸ್.ಎ. ಅಥವಾ ಆರ್.ಆರ್.ಎಸ್.ಪಿ.ಯಲ್ಲಿ ನಿಜವಾದ ಅಸಲು 90 ಅಲ್ಲ, 315 ಡಾಲರ್. ಕಾಣದ ವೆಚ್ಚವು ಕಾಣುವ ವೆಚ್ಚದ ಎರಡೂವರೆ ಪಟ್ಟು.

ಹಾಗಾದರೆ ಆರ್.ಆರ್.ಎಸ್.ಪಿ.ಯಲ್ಲಿ ಅಮೆರಿಕದ ನಿಧಿಯನ್ನೇ ಕೊಳ್ಳುವುದು ಮೇಲಲ್ಲವೇ? ಅಲ್ಲಿ ವೆಚ್ಚ ಶೇ. 0.03, ಕಡಿತ ಶೂನ್ಯ. ಒಟ್ಟು 30 ಡಾಲರ್. ವರ್ಷಕ್ಕೆ 285 ಡಾಲರ್ ಉಳಿತಾಯ. ಆದರೆ ಅದಕ್ಕೆ ಮೊದಲು ಕೆನಡಾ ಡಾಲರನ್ನು ಅಮೆರಿಕದ ಡಾಲರಿಗೆ ಬದಲಾಯಿಸಬೇಕು. ದಲ್ಲಾಳಿ ಸಂಸ್ಥೆ ಇದಕ್ಕೆ ಶೇ. 1.5 ಹಿಡಿದುಕೊಂಡರೆ 1,500 ಡಾಲರ್ ಮೊದಲ ದಿನವೇ ಖರ್ಚು. ಅದು ವಸೂಲಾಗಲು ಐದು ವರ್ಷಕ್ಕೂ ಹೆಚ್ಚು ಬೇಕು. ಹಿಂದಕ್ಕೆ ಬದಲಾಯಿಸುವಾಗ ಮತ್ತೊಮ್ಮೆ ಅದೇ ಖರ್ಚು. ಎರಡು ಕರೆನ್ಸಿಗಳಲ್ಲಿಯೂ ವಹಿವಾಟಾಗುವ ಡಿ.ಎಲ್.ಆರ್. ಎಂಬ ನಿಧಿಯನ್ನು ಕೆನಡಾ ಡಾಲರಿನಲ್ಲಿ ಕೊಂಡು ಅಮೆರಿಕದ ಡಾಲರಿನಲ್ಲಿ ಮಾರುವ ಕ್ರಮದಿಂದ ಈ ಖರ್ಚನ್ನು ಬಹುಮಟ್ಟಿಗೆ ತಗ್ಗಿಸಬಹುದು. ದೊಡ್ಡ ಮೊತ್ತಕ್ಕೂ ದೀರ್ಘಾವಧಿಗೂ ಇದು ಹೊಂದುತ್ತದೆ. ಸಣ್ಣ ಮೊತ್ತವನ್ನು ತಿಂಗಳು ತಿಂಗಳು ಹೂಡುವವರಿಗೆ ಟೊರಾಂಟೊದ ನಿಧಿಯೇ ಲೇಸು. ಅಮೆರಿಕದಲ್ಲಿ ನೋಂದಾಯಿತವಾದ ಆಸ್ತಿ 60,000 ಅಮೆರಿಕನ್ ಡಾಲರ್ ಮೀರಿದ್ದರೆ, ಹೂಡಿಕೆದಾರನ ಮರಣಾನಂತರ ವಾರಸುದಾರರು ಆ ದೇಶಕ್ಕೆ ವಿವರ ಸಲ್ಲಿಸಬೇಕಾದೀತೆಂಬುದನ್ನೂ ಮರೆಯಬಾರದು.

ಕೆನಡಾದ ಕಂಪನಿಗಳ ಲಾಭಾಂಶಕ್ಕೆ ಈ ತೊಡಕಿಲ್ಲ. ಸಾಮಾನ್ಯ ಖಾತೆಯಲ್ಲಿ ಅದಕ್ಕೆ ವಿಶೇಷ ತೆರಿಗೆ ರಿಯಾಯಿತಿಯೂ ಇದೆ.

ನಾಲ್ಕನೆಯ ಪರೀಕ್ಷೆ: ಕರೆನ್ಸಿಯ ಏರಿಳಿತ

ಒಂದೇ ಅಮೆರಿಕನ್ ಸೂಚ್ಯಂಕಕ್ಕೆ ಟೊರಾಂಟೊದಲ್ಲಿ ಎರಡು ಬಗೆಯ ನಿಧಿಗಳು ಸಿಗುತ್ತವೆ: ಕರೆನ್ಸಿಯ ಏರಿಳಿತದಿಂದ ರಕ್ಷಣೆ ಪಡೆದ ‘ಹೆಜ್ಡ್’ ನಿಧಿ ಮತ್ತು ರಕ್ಷಣೆಯಿಲ್ಲದ ನಿಧಿ. 2011ರಲ್ಲಿ ಅಮೆರಿಕದ ಡಾಲರಿಗೆ ಸಮಾನವಾಗಿದ್ದ ಕೆನಡಾ ಡಾಲರ್ 2016ರ ಜನವರಿಯಲ್ಲಿ 70 ಸೆಂಟಿಗಿಂತ ಕೆಳಗಿಳಿಯಿತು. ಆ ಅವಧಿಯಲ್ಲಿ ರಕ್ಷಣೆಯಿಲ್ಲದ ನಿಧಿಯವರಿಗೆ ಲಾಭವಾಯಿತು. ನಾಣ್ಯ ಬಲಗೊಂಡ ಕಾಲದಲ್ಲಿ ಇದಕ್ಕೆ ವಿರುದ್ಧ. ರಕ್ಷಣೆಗೆ ಖರ್ಚು ಉಂಟು. ಹತ್ತಿಪ್ಪತ್ತು ವರ್ಷ ಹಣ ಮುಟ್ಟದವರು ಷೇರುಗಳಿಗೆ ಈ ಖರ್ಚನ್ನು ಹೊರುವುದು ಅಷ್ಟೇನೂ ಅಗತ್ಯವಲ್ಲ. ವಿದೇಶಿ ಸಾಲಪತ್ರಗಳ ನಿಧಿಗೆ ಮಾತ್ರ ರಕ್ಷಣೆ ಯುಕ್ತ, ಏಕೆಂದರೆ ಸಾಲಪತ್ರದ ಅಲ್ಪ ಬಡ್ಡಿಯನ್ನು ಕರೆನ್ಸಿಯ ಒಂದು ಏರಿಳಿತವೇ ನುಂಗಬಲ್ಲದು.

ಐದನೆಯ ಪರೀಕ್ಷೆ: ಕೊಳ್ಳುವ ಬೆಲೆ, ಮಾರುವ ಬೆಲೆ

ಪೇಟೆಯಲ್ಲಿ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಅಂತರವಿರುತ್ತದೆ. 30 ಡಾಲರಿಗೆ ಕೇಳಿ 30.02ಕ್ಕೆ ಮಾರುವ ನಿಧಿಯಲ್ಲಿ ಆ ಅಂತರ ಲೆಕ್ಕಕ್ಕಿಲ್ಲ. 20ಕ್ಕೆ ಕೇಳಿ 20.20ಕ್ಕೆ ಮಾರುವ ಅಪರಿಚಿತ ನಿಧಿಯಲ್ಲಿ ಶೇ. 1ರಷ್ಟು ಕೈಬಿಟ್ಟಂತೆಯೇ. ಪೇಟೆ ತೆರೆದ ಹಾಗೂ ಮುಚ್ಚುವ ಹೊತ್ತಿನ ಕೆಲವು ನಿಮಿಷಗಳನ್ನು ಬಿಟ್ಟು, ದರವನ್ನು ನಿಗದಿಪಡಿಸಿಯೇ ಆದೇಶ ನೀಡುವುದು ಕ್ಷೇಮ. 2020ರ ಮಾರ್ಚ್ ತಿಂಗಳ ಗೊಂದಲದಲ್ಲಿ ಕೆಲವು ಸಾಲಪತ್ರ ಇ.ಟಿ.ಎಫ್.ಗಳು ತಮ್ಮ ಲೆಕ್ಕದ ಮೌಲ್ಯಕ್ಕಿಂತ ಕಡಿಮೆ ಬೆಲೆಗೆ ಮಾರಾಟವಾದವು. ಅಂತಹ ದಿನ ಮಾರಲೇಬೇಕಾದ ಒತ್ತಡ ಬಾರದಂತೆ ಕೈಖರ್ಚಿನ ಹಣವನ್ನು ಬೇರೆಯೇ ಇಟ್ಟಿರಬೇಕು.

ಎಚ್ಚರ ವಹಿಸಬೇಕಾದ ನಿಧಿಗಳು

ಸೂಚ್ಯಂಕದ ದೈನಂದಿನ ಏರಿಳಿತವನ್ನು ಇಮ್ಮಡಿಗೊಳಿಸುವ ನಿಧಿಗಳು ದೀರ್ಘಾವಧಿಗೆ ಸಲ್ಲವು. 100ರಲ್ಲಿದ್ದ ಸೂಚ್ಯಂಕ ಒಂದು ದಿನ ಶೇ. 10 ಏರಿ ಮರುದಿನ ಶೇ. 10 ಇಳಿದರೆ 99ಕ್ಕೆ ಬರುತ್ತದೆ. ಇಮ್ಮಡಿ ನಿಧಿ 120ಕ್ಕೆ ಏರಿ 96ಕ್ಕೆ ಇಳಿಯುತ್ತದೆ. ನಷ್ಟ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ತಿಂಗಳು ತಿಂಗಳು ಹೆಚ್ಚಿನ ಹಣ ಹಂಚುವ ‘ಕವರ್ಡ್ ಕಾಲ್’ ನಿಧಿಗಳ ವಿಷಯದಲ್ಲೂ ಎಚ್ಚರ ಬೇಕು. ಕೈಗೆ ಬಂದ ಹಣವೆಲ್ಲ ಗಳಿಕೆಯಲ್ಲ. ಕೆಲವೊಮ್ಮೆ ಹೂಡಿದ ಬಂಡವಾಳವೇ ಅದರ ಒಂದು ಭಾಗವಾಗಿ ಹಿಂದಿರುಗಿರುತ್ತದೆ. ಗಲ್ಲಾಪೆಟ್ಟಿಗೆಯ ಹಣವನ್ನೆಲ್ಲ ಲಾಭವೆಂದು ತಿಳಿದ ಅಂಗಡಿಯ ಗತಿ ಏನಾಗುವುದೆಂದು ವ್ಯಾಪಾರಸ್ಥರು ಬಲ್ಲರು.

ಸರಳ ಮಾರ್ಗ

ಇಷ್ಟೆಲ್ಲ ಲೆಕ್ಕಕ್ಕೆ ವ್ಯವಧಾನವಿಲ್ಲದವರಿಗೆ ಒಂದೇ ನಿಧಿಯ ಮಾರ್ಗವಿದೆ. 2018ರಲ್ಲಿ ವ್ಯಾನ್‌ಗಾರ್ಡ್ ಸಂಸ್ಥೆ ಕೆನಡಾ, ಅಮೆರಿಕ ಹಾಗೂ ಇತರ ದೇಶಗಳ ಷೇರು ಮತ್ತು ಸಾಲಪತ್ರಗಳನ್ನು ನಿಶ್ಚಿತ ಪ್ರಮಾಣದಲ್ಲಿ ಬೆರೆಸಿದ ನಿಧಿಗಳನ್ನು ಅಲ್ಲಿ ಆರಂಭಿಸಿತು. ವಿ.ಬಿ.ಎ.ಎಲ್. ನಿಧಿಯಲ್ಲಿ ಷೇರು ಶೇ. 60, ಸಾಲಪತ್ರ ಶೇ. 40, ವಿ.ಜಿ.ಆರ್.ಓ. ನಿಧಿಯಲ್ಲಿ ಶೇ. 80 ಮತ್ತು 20. ಬಳಿಕ ಇತರ ಸಂಸ್ಥೆಗಳೂ ಇಂಥವನ್ನು ತಂದವು. ಪ್ರಮಾಣ ಏರುಪೇರಾದರೆ ಸರಿಪಡಿಸುವ ಹೊಣೆ ನಿಧಿಯದೇ. ಪ್ರತ್ಯೇಕ ನಿಧಿಗಳಿಗಿಂತ ವೆಚ್ಚ ತುಸು ಹೆಚ್ಚು. ಆದರೆ ಪೇಟೆ ಕುಸಿದಾಗ ಗಾಬರಿಯಿಂದ ಕೈಹಾಕುವ ಪ್ರಸಂಗ ಕಡಿಮೆಯಾಗುವುದರಿಂದ ಆ ವೆಚ್ಚ ವ್ಯರ್ಥವಲ್ಲ.

ಭಾರತದ ನಂಟು ಉಳ್ಳವರಿಗೆ

ಕೆನಡಾದ ನಿವಾಸಿಯಾದವನ ಜಗತ್ತಿನ ಎಲ್ಲ ಆದಾಯವೂ ಅಲ್ಲಿ ತೆರಿಗೆಗೆ ಒಳಪಡುತ್ತದೆ. ಮೊದಲ ವರ್ಷ ಕಳೆದ ಮೇಲೆ, ಭಾರತದ ಠೇವಣಿ, ಷೇರು, ಮ್ಯೂಚುವಲ್ ಫಂಡ್ ಸೇರಿದಂತೆ ವಿದೇಶಿ ಆಸ್ತಿಯ ಒಟ್ಟು ಅಸಲು ಒಂದು ಲಕ್ಷ ಕೆನಡಾ ಡಾಲರ್ ಮೀರಿದರೆ ಟಿ 1135 ಎಂಬ ನಮೂನೆಯಲ್ಲಿ ವಿವರ ನೀಡಬೇಕು. ಸಾಮಾನ್ಯ ಖಾತೆಯಲ್ಲಿರುವ, ಅಮೆರಿಕದಲ್ಲಿ ನೋಂದಾಯಿತವಾದ ಇ.ಟಿ.ಎಫ್. ಕೂಡ ಈ ಲೆಕ್ಕಕ್ಕೆ ಬರುತ್ತದೆ. ಟೊರಾಂಟೊದ ಇ.ಟಿ.ಎಫ್. ಬರುವುದಿಲ್ಲ.

ಮುಂದೆ ಭಾರತಕ್ಕೆ ಮರಳುವ ಆಲೋಚನೆಯಿದ್ದವರು ಇನ್ನೆರಡು ಅಂಶಗಳನ್ನು ಗಮನಿಸಬೇಕು. ಟಿ.ಎಫ್.ಎಸ್.ಎ.ಯ ತೆರಿಗೆ ಮುಕ್ತಿ ಕೆನಡಾದ ಕಾನೂನಿನದು. ಭಾರತದ ಸಾಮಾನ್ಯ ನಿವಾಸಿಯಾದ ಮೇಲೆ ಇಲ್ಲಿಯ ಆದಾಯ ತೆರಿಗೆ ಅದನ್ನು ಮಾನ್ಯ ಮಾಡುವುದಿಲ್ಲ. ಕೆನಡಾ ಬಿಟ್ಟವರು ಆರ್.ಆರ್.ಎಸ್.ಪಿ.ಯ ಹಣವನ್ನು ಒಟ್ಟಿಗೆ ಹಿಂತೆಗೆದರೆ ಸಾಮಾನ್ಯವಾಗಿ ಶೇ. 25 ಕಡಿತವಾಗುತ್ತದೆ. ಖಾತೆಯ ಆಯ್ಕೆಯ ಕಾಲದಲ್ಲೇ ಈ ವಿಷಯಗಳನ್ನು ತೆರಿಗೆ ತಜ್ಞರೊಡನೆ ಚರ್ಚಿಸುವುದು ಉಚಿತ.

ಸಾರಾಂಶ

ಕಳೆದ ವರ್ಷ ಯಾವ ನಿಧಿ ಹೆಚ್ಚು ಲಾಭ ತಂದಿತು ಎಂಬ ಪ್ರಶ್ನೆಯನ್ನು ಇಲ್ಲಿ ಎಲ್ಲಿಯೂ ಕೇಳಿಲ್ಲ. ಮುಂದಿನ ಲಾಭ ಹೂಡಿಕೆದಾರನ ಅಧೀನದಲ್ಲಿಲ್ಲ. ಅವನ ಅಧೀನದಲ್ಲಿರುವುದು ಐದು ಸಂಗತಿಗಳು: ಗಂಟಿನೊಳಗಿನ ಸರಕು, ನಿರ್ವಹಣೆಯ ವೆಚ್ಚ, ಇಡುವ ಖಾತೆ, ಕರೆನ್ಸಿ ಬದಲಾವಣೆಯ ಖರ್ಚು ಮತ್ತು ಕೊಳ್ಳುವ ಕ್ರಮ. ನಿಧಿಯ ಜಾಹೀರಾತಿನಲ್ಲಿ ಎರಡನೆಯದಷ್ಟೇ ಸಂಖ್ಯೆಯಾಗಿ ಕಾಣುತ್ತದೆ. ಉಳಿದ ನಾಲ್ಕನ್ನೂ ಕೂಡಿಸಿ ಅಸಲು ಕಟ್ಟಿ ನೋಡಿದವನು ಪೇಟೆ ಏರಿದರೂ ಇಳಿದರೂ ತನ್ನ ಪಾಲಿನದನ್ನು ಉಳಿಸಿಕೊಳ್ಳುತ್ತಾನೆ.