ಕೋವಿಡ್-19: ರೋಗದ ತೀವ್ರತೆ ಸೂಚಿಸುವ ರಕ್ತ ಪರೀಕ್ಷೆಗಳು

ಆರ್‌ಟಿ-ಪಿಸಿಆರ್ ಪರೀಕ್ಷೆ ಸೋಂಕು ಇದೆಯೇ ಎಂಬುದನ್ನು ತಿಳಿಸುತ್ತದೆ. ಸೋಂಕು ಗಂಭೀರವಾಗುವ ಸಾಧ್ಯತೆಯನ್ನು ಅಂದಾಜಿಸಲು ರಕ್ತದ ಜೈವಿಕ ಸೂಚಕಗಳು ನೆರವಾಗುತ್ತವೆ.

ಪ್ರಮುಖ ಸೂಚಕಗಳು
• ಸಿಆರ್‌ಪಿ: ಉರಿಯೂತವಾದಾಗ ಯಕೃತ್ತು ಉತ್ಪಾದಿಸುವ ಪ್ರೋಟೀನ್. 1930ರಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಇದನ್ನು ಗುರುತಿಸಿದರು.
• ಇಂಟರ್‌ಲ್ಯೂಕಿನ್-6: ಯಕೃತ್ತಿನಲ್ಲಿ ಸಿಆರ್‌ಪಿ ಉತ್ಪಾದನೆಯನ್ನು ಪ್ರಚೋದಿಸುವ ಸೈಟೊಕೈನ್.
• ಡಿ-ಡೈಮರ್: ಹೆಪ್ಪುಗಟ್ಟಿದ ರಕ್ತ ಕರಗುವಾಗ ಉಂಟಾಗುವ ಫೈಬ್ರಿನ್ ತುಣುಕು.
• ಲಿಂಫೋಸೈಟ್: ಈ ಬಿಳಿ ರಕ್ತಕಣಗಳ ಸಂಖ್ಯೆ ಕುಸಿದರೆ ಅಪಾಯದ ಸೂಚನೆ.
• ಫೆರಿಟಿನ್, ಎಲ್‌ಡಿಎಚ್: ಕ್ರಮವಾಗಿ ಉರಿಯೂತ ಮತ್ತು ಅಂಗಾಂಶ ಹಾನಿಯಲ್ಲಿ ಏರುತ್ತವೆ.

ನೆನಪಿಡಿ
• ಬ್ರಿಟನ್ನಿನ 4ಸಿ ಮರಣ ಸೂಚ್ಯಂಕ (2020) 8 ಅಂಶಗಳನ್ನು ಆಧರಿಸಿದೆ. ಅಂಕಗಳು 0ರಿಂದ 21. ರಕ್ತದಿಂದ ಪಡೆಯುವ ಅಂಶಗಳು ಎರಡೇ: ಯೂರಿಯಾ ಮತ್ತು ಸಿಆರ್‌ಪಿ. ವಯಸ್ಸು, ಲಿಂಗ, ಇತರ ಕಾಯಿಲೆಗಳು, ಉಸಿರಾಟದ ದರ, ಆಮ್ಲಜನಕ ಮಟ್ಟ, ಪ್ರಜ್ಞೆಯ ಸ್ಥಿತಿ ಉಳಿದವು.
• ಕೋವಿಡ್ ಚಿಕಿತ್ಸೆಗಳನ್ನು ಪರೀಕ್ಷಿಸಿದ ರಿಕವರಿ ಪ್ರಯೋಗದಲ್ಲಿ ಟೊಸಿಲಿಜುಮ್ಯಾಬ್ ಅಧ್ಯಯನಕ್ಕೆ ಸೇರಲು ರೋಗಿಗೆ ಆಮ್ಲಜನಕ ಕೊರತೆಯ ಜೊತೆಗೆ ಸಿಆರ್‌ಪಿ ಲೀಟರ್‌ಗೆ 75 ಮಿಲಿಗ್ರಾಂ ಅಥವಾ ಹೆಚ್ಚಿರಬೇಕಿತ್ತು. ಈ ಔಷಧ ಇಂಟರ್‌ಲ್ಯೂಕಿನ್-6 ಗ್ರಾಹಕವನ್ನು ತಡೆಯುತ್ತದೆ.

ಮಿತಿ: ಬ್ಯಾಕ್ಟೀರಿಯಾ ಸೋಂಕಿನಲ್ಲೂ ಸಿಆರ್‌ಪಿ ಏರುತ್ತದೆ, ಗರ್ಭಾವಸ್ಥೆಯಲ್ಲೂ ಡಿ-ಡೈಮರ್ ಹೆಚ್ಚಿರುತ್ತದೆ. ಆದ್ದರಿಂದ ಒಂದೇ ವರದಿ ನೋಡಿ ಭಯಪಡುವುದಾಗಲಿ, ನಿರಾಳವಾಗುವುದಾಗಲಿ ಸಲ್ಲದು. ರೋಗಿಯ ಉಸಿರಾಟ ಮತ್ತು ಆಮ್ಲಜನಕ ಮಟ್ಟದ ಜೊತೆಗೇ ಅದನ್ನು ಓದಬೇಕು.

ಮಾದರಿ ಪ್ರಶ್ನೆ: ಸಿಆರ್‌ಪಿ ಮುಖ್ಯವಾಗಿ ಎಲ್ಲಿ ಉತ್ಪತ್ತಿಯಾಗುತ್ತದೆ?
ಎ) ಮೂತ್ರಪಿಂಡ ಬಿ) ಯಕೃತ್ತು ಸಿ) ಗುಲ್ಮ ಡಿ) ಶ್ವಾಸಕೋಶ
ಉತ್ತರ: ಬಿ